ಕೊರತೆಯನ್ನು ಮೊದಲು ಕಂಡ ತಾಯಿ

ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಪ್ರಬೋಧನೆ



ಇಂದು ಫೆಬ್ರವರಿ 11. 1858ರಲ್ಲಿ ಇದೇ ದಿನ ಫ್ರಾನ್ಸ್ ದೇಶದ ಲೂರ್ದಿನಲ್ಲಿ ಸೌದೆ ಆಯಲು ಹೋಗಿದ್ದ 14 ವರ್ಷದ ಬಡ ಹುಡುಗಿ ಬರ್ನದೆತ್‌ಳಿಗೆ ಮಾತೆ ಮರಿಯಮ್ಮನವರು ಮೊದಲ ಬಾರಿ ದರ್ಶನವಿತ್ತರು. ಆ ವರ್ಷ ಒಟ್ಟು 18 ದರ್ಶನಗಳಾದವು. 1992ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್‌ರವರು ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. 1993ರಿಂದ ನಾವು ಅದನ್ನು ಆಚರಿಸುತ್ತಾ ಬಂದಿದ್ದೇವೆ.

ರೋಗಿಗಳ ದಿನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆಯ ಮಂಚ, ಗಾಲಿಕುರ್ಚಿ, ಬ್ಯಾಂಡೇಜು. ಆದರೆ ಇಂದು ಗವಿಯ ಮುಂದೆ ಮೇಣದಬತ್ತಿ ಹಚ್ಚಿದವರಲ್ಲಿ ಕೆಲವರ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರಿಗೆ ಜ್ವರವಿಲ್ಲ, ಗಾಯವಿಲ್ಲ. ಕೇಳಿದರೆ ಹೇಳುವುದು ಒಂದೇ ಮಾತು: "ಸುಸ್ತು ಫಾದರ್." ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಏಳುವಾಗ ಸುಸ್ತು. ಮೆಟ್ಟಿಲು ಹತ್ತಿದರೆ ಸುಸ್ತು. ಜಪಸರ ಹೇಳುತ್ತಾ ಹೇಳುತ್ತಾ ನಿದ್ದೆ. ಈ ಹಬ್ಬದ ದಿನ ನಾವು ಇವರ ವಿಚಾರವನ್ನೇ ಧ್ಯಾನಿಸೋಣ.

ಈ ಹಬ್ಬಕ್ಕೆ ಧರ್ಮಸಭೆ ನಮಗೆ ಕೊಟ್ಟಿರುವ ಶುಭಸಂದೇಶ ಕಾನಾ ಊರಿನ ಮದುವೆಯದು. ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿಯಿತು. ಅದು ಮೊದಲು ತಿಳಿದದ್ದು ಯಾರಿಗೆ? ಮದುಮಗನಿಗೆ ತಿಳಿದಿರಲಿಲ್ಲ. ಔತಣದ ಮೇಲ್ವಿಚಾರಕನಿಗೂ ತಿಳಿದಿರಲಿಲ್ಲ. ಅತಿಥಿಯಾಗಿ ಬಂದಿದ್ದ ಮಾತೆ ಮರಿಯಮ್ಮನವರು ಅದನ್ನು ಗಮನಿಸಿದರು. ಗಮನಿಸಿ ಏನು ಮಾಡಿದರು? ಮನೆಯವರನ್ನು ಹಳಿಯಲಿಲ್ಲ, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಲಿಲ್ಲ. ಇಲ್ಲದ್ದು ಇಲ್ಲ ಎಂಬುದನ್ನು ಮಗನ ಮುಂದೆ ನೇರವಾಗಿ ಇಟ್ಟರು. ಆಮೇಲೆ ಸೇವಕರ ಕಡೆ ತಿರುಗಿ, ಅವರು ಹೇಳಿದಂತೆ ನಡೆಯಲು ತಿಳಿಸಿದರು. ಗಮನಿಸುವುದು, ಹೇಳುವುದು, ಹೇಳಿದಂತೆ ಮಾಡುವುದು: ಈ ಮೂರು ಹೆಜ್ಜೆಗಳನ್ನು ನಾವು ನೆನಪಿಡೋಣ.

ಪ್ರಿಯರೇ, ನಮ್ಮ ಶರೀರದಲ್ಲೂ ಹೀಗೆ ಸದ್ದಿಲ್ಲದೆ ಮುಗಿದುಹೋಗುವ ಒಂದು ರಸವಿದೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಪುಟ್ಟ ಗ್ರಂಥಿಯೊಂದಿದೆ. ಅದೇ ಥೈರಾಯ್ಡ್. ಅದು ರಕ್ತಕ್ಕೆ ಬಿಡುವ ಹಾರ್ಮೋನು ಶರೀರದ ಪ್ರತಿಯೊಂದು ಅಂಗದ ವೇಗವನ್ನು ನಿಯಂತ್ರಿಸುತ್ತದೆ. ಅದು ಕಡಿಮೆಯಾದರೆ ಎಲ್ಲವೂ ನಿಧಾನವಾಗುತ್ತದೆ. ನಾಡಿ ನಿಧಾನ, ಜೀರ್ಣ ನಿಧಾನ, ಯೋಚನೆಯೂ ನಿಧಾನ. ಚಳಿ ತಡೆಯಲಾಗುವುದಿಲ್ಲ, ಮೈ ಭಾರವಾಗುತ್ತದೆ, ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ಮುಟ್ಟಿನ ಸ್ರಾವ ಹೆಚ್ಚಾಗುತ್ತದೆ, ಮರೆವು ಬರುತ್ತದೆ, ಕಾರಣವಿಲ್ಲದೆ ಮನಸ್ಸು ಕುಗ್ಗುತ್ತದೆ. ಇದು ಗಂಡಸರಿಗೂ ಬರುತ್ತದೆ, ಆದರೆ ಹೆಂಗಸರಿಗೆ ಹಲವು ಪಟ್ಟು ಹೆಚ್ಚು. ನಮ್ಮ ದೇಶದ 8 ನಗರಗಳಲ್ಲಿ ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 100 ಮಂದಿಯಲ್ಲಿ ಸುಮಾರು 11 ಮಂದಿಗೆ ಈ ಕೊರತೆ ಕಂಡುಬಂತು. ಅಂದರೆ ನಮ್ಮ ದೇವಾಲಯದ ಒಂದೊಂದು ಸಾಲಿನ ಬೆಂಚಿನಲ್ಲೂ ಇಂಥವರೊಬ್ಬರು ಕುಳಿತಿರಬಹುದು.

ಹೀಗಿರುವಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಎಂಥದ್ದು? "ಈ ವಯಸ್ಸಿಗೇ ಇಷ್ಟು ಸುಸ್ತೇನಮ್ಮ? ನಿನ್ನ ವಯಸ್ಸಲ್ಲಿ ನಾನು ಬಾವಿಯಿಂದ ನೀರು ಸೇದಿ, ಹೊಲಕ್ಕೂ ಹೋಗಿ ಬರ್ತಿದ್ದೆ." ಸೊಸೆ ಸುಮ್ಮನಾಗುತ್ತಾಳೆ. "ಇಲ್ಲ ಅತ್ತೆ, ಈಗ ಎದ್ದೆ" ಎಂದು ಗೋಡೆ ಹಿಡಿದು ಏಳುತ್ತಾಳೆ. ಗಂಡ, "ದಿನವೂ ಇದೇ ರಾಗ" ಎನ್ನುತ್ತಾನೆ. ಮಕ್ಕಳು, "ಅಮ್ಮ ಯಾವಾಗ್ಲೂ ಸಿಡುಕ್ತಾಳೆ" ಎನ್ನುತ್ತಾರೆ. ಕೊನೆಗೆ ಅವಳೇ ತನ್ನನ್ನು ಸೋಮಾರಿ ಎಂದು ನಂಬಿಬಿಡುತ್ತಾಳೆ. ಪಾಪನಿವೇದನೆಗೆ ಬಂದು ಸೋಮಾರಿತನವನ್ನು ಪಾಪವೆಂದು ಹೇಳಿಕೊಳ್ಳುವವರಿದ್ದಾರೆ. ರಕ್ತದಲ್ಲಿ ಹಾರ್ಮೋನು ಕಡಿಮೆಯಿರುವುದು ಪಾಪವಲ್ಲ ಎಂದು ಇಂದು ಈ ಪೀಠದ ಮುಂದೆ ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

ಪವಿತ್ರ ಗ್ರಂಥ ದಣಿದವರನ್ನು ಬೈಯುವುದಿಲ್ಲ. ಪ್ರವಾದಿ ಎಲೀಯರನ್ನು ನೆನೆಯಿರಿ. ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ಕುಳಿತು, ಸಾವು ಬಂದರೆ ಸಾಕೆಂದು ಬೇಡಿದರು. ದೇವದೂತನು ಬಂದು ಅವರಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು. ಅವರು ತಿಂದು ಮತ್ತೆ ಮಲಗಿದರು. ದೂತನು ಎರಡನೇ ಸಲವೂ ತಟ್ಟಿ ಎಬ್ಬಿಸಿ ಉಣಿಸಿದನು. ಮುಂದಿನ ದಾರಿ ಅವರ ಶಕ್ತಿಗೆ ಮೀರಿದ್ದು ಎಂಬುದು ದೇವರಿಗೆ ತಿಳಿದಿತ್ತು. ಯೇಸುಸ್ವಾಮಿಯವರೂ ಸಮಾರಿಯದ ಬಾವಿಯ ಬಳಿ ದಣಿದು ಕುಳಿತರು. ದೋಣಿಯಲ್ಲಿ ಬಿರುಗಾಳಿ ಎದ್ದರೂ ಎಚ್ಚರವಾಗದಷ್ಟು ನಿದ್ರಿಸಿದರು. ಮನುಷ್ಯ ಶರೀರದ ದಣಿವನ್ನು ದೇವಪುತ್ರರೇ ಹೊತ್ತಿರುವಾಗ, ದಣಿದವರನ್ನು ಅಣಕಿಸಲು ನಮಗೆ ಯಾವ ಅಧಿಕಾರ?

ಆದ್ದರಿಂದ ಮೊದಲನೆಯ ಹೆಜ್ಜೆ, ಗಮನಿಸುವುದು. ನಮ್ಮ ಮನೆಯಲ್ಲಿ ಯಾರ ಪಾತ್ರೆ ಬರಿದಾಗುತ್ತಿದೆ? ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಉಣ್ಣುವವಳ ಮುಖ ಊದಿದೆಯೇ? ದನಿ ಗೊಗ್ಗರಾಗಿದೆಯೇ? ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಿದ್ದಾಳೆಯೇ? ಇವನ್ನೆಲ್ಲ ಕಾಣಲು ವೈದ್ಯರೇ ಆಗಬೇಕಿಲ್ಲ, ತಾಯಿಯ ಕಣ್ಣಿದ್ದರೆ ಸಾಕು.

ಎರಡನೆಯ ಹೆಜ್ಜೆ, ಹೇಳಬೇಕಾದವರಿಗೆ ಹೇಳುವುದು. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯನಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಎನ್ನುತ್ತದೆ. ಅವನನ್ನು ಉಂಟುಮಾಡಿದವರು ದೇವರೇ, ಭೂಮಿಯಿಂದ ಔಷಧಿಗಳನ್ನು ಹುಟ್ಟಿಸಿದವರೂ ದೇವರೇ ಎಂದು ಬೋಧಿಸುತ್ತದೆ. ಅದೇ ಅಧ್ಯಾಯದಲ್ಲಿ ಪ್ರಾರ್ಥನೆಯೂ ಇದೆ, ವೈದ್ಯನೂ ಇದ್ದಾನೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಅಲ್ಲಿ ಹೇಳಿಲ್ಲ.

ಥೈರಾಯ್ಡ್ ಕೊರತೆಯನ್ನು ಒಂದು ರಕ್ತಪರೀಕ್ಷೆ ತೋರಿಸಿಕೊಡುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಆಜ್ಞೆಯನ್ನು ಥೈರಾಯ್ಡಿಗೆ ಕಳುಹಿಸುತ್ತಿರುತ್ತದೆ. ಥೈರಾಯ್ಡ್ ಸೋತಷ್ಟೂ ಆಜ್ಞೆ ಜೋರಾಗುತ್ತದೆ. ಹೀಗಾಗಿ ಹಾರ್ಮೋನು ಕಡಿಮೆಯಾದಾಗ ಟಿ.ಎಸ್.ಎಚ್. ಹೆಚ್ಚಾಗಿ ಕಾಣುತ್ತದೆ. ಕೊರತೆಗೆ ಕಾರಣಗಳು ಹಲವು. ಶರೀರದ ರಕ್ಷಣಾ ಶಕ್ತಿಯೇ ದಾರಿತಪ್ಪಿ ಸ್ವಂತ ಗ್ರಂಥಿಯ ಮೇಲೆ ಬೀಳುವ ರೋಗವನ್ನು 1912ರಲ್ಲಿ ಜಪಾನಿನ ವೈದ್ಯ ಹಷಿಮೊಟೊ ವಿವರಿಸಿದರು. ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರವೂ ಕೊರತೆ ಬರುತ್ತದೆ. ಆಹಾರದಲ್ಲಿ ಅಯೋಡಿನ್ ಇಲ್ಲದಿದ್ದರೂ ಬರುತ್ತದೆ. ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿರುವುದು ಇದಕ್ಕಾಗಿಯೇ.

ಇಲ್ಲಿ ತಾಯಂದಿರಿಗಾಗಿ ಒಂದು ಮಾತು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಕೆಲವೊಮ್ಮೆ ಪಿಟ್ಯೂಟರಿ ಗ್ರಂಥಿಯೇ ಹಾನಿಗೊಳ್ಳುತ್ತದೆ. 1937ರಲ್ಲಿ ಶೀಹಾನ್ ಎಂಬ ವೈದ್ಯರು ಇದನ್ನು ವಿವರಿಸಿದರು. ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ವರ್ಷಗಟ್ಟಲೆ ಸುಸ್ತು ಬಿಡುವುದಿಲ್ಲ. ಆಗ ಆಜ್ಞೆ ಕಳುಹಿಸುವ ಗ್ರಂಥಿಯೇ ಸೋತಿರುವುದರಿಂದ ಟಿ.ಎಸ್.ಎಚ್. ಸಾಮಾನ್ಯ ಮಟ್ಟದಲ್ಲೇ ಕಾಣಬಹುದು. "ರಿಪೋರ್ಟ್ ನಾರ್ಮಲ್ ಇದೆಯಲ್ಲ, ಇನ್ನೇನು ನಿನಗೆ?" ಎಂದು ಮನೆಯವರು ಕೇಳಿಬಿಡುತ್ತಾರೆ. ಆದ್ದರಿಂದ ವೈದ್ಯರ ಬಳಿ ಹೋದಾಗ ಹೆರಿಗೆಯ ಕಥೆಯನ್ನೂ ಮುಚ್ಚಿಡದೆ ಹೇಳಿರಿ. ಸುಸ್ತಿಗೆ ಬೇರೆ ಕಾರಣಗಳೂ ಇವೆ: ರಕ್ತಹೀನತೆ, ಬಿ 12 ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ. ಪಕ್ಕದ ಮನೆಯವರ ಮಾತ್ರೆಯನ್ನು ನಾವು ನುಂಗಬಾರದು ಎನ್ನುವುದು ಇದಕ್ಕೇ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಆ ಮಹಿಳೆ ವೈದ್ಯರ ಬಳಿ ಅಲೆದು ಇದ್ದದ್ದೆಲ್ಲ ಕಳೆದುಕೊಂಡಿದ್ದಳೆಂದು ಸಂತ ಮಾರ್ಕರು ಬರೆಯುತ್ತಾರೆ. ಆದರೂ ಅವಳು ಮನೆಯಲ್ಲಿ ಕೂರಲಿಲ್ಲ, ಜನಜಂಗುಳಿಯ ನಡುವೆ ಕೈ ಚಾಚಿದಳು. ಒಂದು ಪರೀಕ್ಷೆಯಲ್ಲಿ ಉತ್ತರ ಸಿಗದಿದ್ದರೆ ಮತ್ತೊಮ್ಮೆ ಕೇಳುವ ಧೈರ್ಯವನ್ನು ಅವಳಿಂದ ಕಲಿಯೋಣ.

ಮೂರನೆಯ ಹೆಜ್ಜೆ, ಹೇಳಿದಂತೆ ಮಾಡುವುದು. ಕಾನಾ ಊರಿನಲ್ಲಿ ಆರು ಕಲ್ಲಿನ ಬಾನೆಗಳಿದ್ದವು. ಒಂದೊಂದಕ್ಕೂ ಸುಮಾರು 80ರಿಂದ 120 ಲೀಟರ್ ನೀರು ಹಿಡಿಯುತ್ತಿತ್ತು. ಅವುಗಳನ್ನು ಕಂಠದವರೆಗೆ ತುಂಬಿಸಿದವರು ಸೇವಕರು, ಕೊಡದ ಮೇಲೆ ಕೊಡ ಹೊತ್ತು. ಪ್ರಭು ಮನಸ್ಸು ಮಾಡಿದ್ದರೆ ಬರಿದಾದ ಬಾನೆಯಲ್ಲೇ ದ್ರಾಕ್ಷಾರಸ ತುಂಬಿಸಬಹುದಿತ್ತು. ಆದರೆ ಮನುಷ್ಯರ ಬೇಸರದ ದುಡಿಮೆಯನ್ನು ತಮ್ಮ ಅದ್ಭುತದೊಳಗೆ ಸೇರಿಸಿಕೊಂಡರು. ದಿನವೂ ಬೆಳಿಗ್ಗೆ ಒಂದು ಮಾತ್ರೆ ನುಂಗುವುದು ಅಂಥ ಒಂದು ಕೊಡ ನೀರು.

ಆ ಪುಟ್ಟ ಮಾತ್ರೆಯ ಹಿಂದೆ ದೊಡ್ಡ ಇತಿಹಾಸವಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು, ಈ ಕೊರತೆಯಿಂದ ಬಳಲುತ್ತಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಕೊಟ್ಟರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ಮುಂದೆ 1914ರ ಡಿಸೆಂಬರ್ 25ರಂದು, ಕ್ರಿಸ್ತ ಜಯಂತಿಯ ದಿನವೇ, ಅಮೆರಿಕದ ರಾಚೆಸ್ಟರ್ ಪಟ್ಟಣದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ವಿಜ್ಞಾನಿ ಆ ಹಾರ್ಮೋನನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಥೈರಾಕ್ಸಿನ್ ಎಂಬ ಹೆಸರು ಬಂತು. ಆ ಕ್ಲಿನಿಕ್ ಬೆಳೆದದ್ದು ಹೇಗೆ ಗೊತ್ತೇ? 1883ರಲ್ಲಿ ಆ ಊರನ್ನು ಸುಂಟರಗಾಳಿ ಧ್ವಂಸ ಮಾಡಿದಾಗ ಸಂತ ಫ್ರಾನ್ಸಿಸರ ಸಭೆಯ ಧರ್ಮಭಗಿನಿಯರು ಗಾಯಾಳುಗಳ ಆರೈಕೆಗೆ ನಿಂತರು. ಅವರ ಮೇಲಧಿಕಾರಿ ಮದರ್ ಆಲ್ಫ್ರೆಡ್ ಮೋಸ್‌ರವರು ಡಾ. ಮೇಯೊ ಅವರನ್ನು ಒಪ್ಪಿಸಿ, 1889ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯನ್ನು ತೆರೆದರು. ಮಾತೆ ಮರಿಯಮ್ಮನವರ ಹೆಸರಿನ ಆ ಆಸ್ಪತ್ರೆಯ ಆಸರೆಯಲ್ಲೇ ಕ್ಲಿನಿಕ್ ಬೆಳೆಯಿತು. ವಿಶ್ವಾಸವೂ ವಿಜ್ಞಾನವೂ ಒಂದೇ ಅಂಗಳದಲ್ಲಿ ದುಡಿದದ್ದಕ್ಕೆ ಬೇರೆ ಸಾಕ್ಷಿ ಬೇಕೇ?

ಲೂರ್ದಿನಲ್ಲೂ ಹೀಗೆಯೇ. ಅಲ್ಲಿ 1883ರಿಂದ ವೈದ್ಯರ ಕಚೇರಿಯಿದೆ. ಗುಣವಾಯಿತೆಂದು ಹೇಳಿಬರುವವರ ದಾಖಲೆಗಳನ್ನು ವೈದ್ಯರು ಕಟ್ಟುನಿಟ್ಟಾಗಿ ಪರಿಶೀಲಿಸುತ್ತಾರೆ. ಧರ್ಮಸಭೆ ಪರೀಕ್ಷೆಗೆ ಹೆದರುವುದಿಲ್ಲ. ಆದುದರಿಂದ, ಪ್ರಾರ್ಥನಾಕೂಟದಿಂದ ಬಂದ ಉತ್ಸಾಹದಲ್ಲಿ ಮಾತ್ರೆಯ ಬಾಟಲಿಯನ್ನು ಎಸೆಯುವುದು ವಿಶ್ವಾಸವಾಗುವುದಿಲ್ಲ. ದೇವರು ಗುಣಪಡಿಸಿದ್ದರೆ ರಕ್ತಪರೀಕ್ಷೆ ಅದನ್ನು ಹೇಳುತ್ತದೆ, ವೈದ್ಯರೇ ಮಾತ್ರೆಯನ್ನು ನಿಲ್ಲಿಸುತ್ತಾರೆ. ಪಿಟ್ಯೂಟರಿ ಅಥವಾ ಅಡ್ರಿನಲ್ ಗ್ರಂಥಿಯ ಕೊರತೆಗೆ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಅವರನ್ನು ಯಾರಾದರೂ ದೇವರ ಹೆಸರಿನಲ್ಲಿ ಮಾತ್ರೆ ಬಿಡಿಸಲು ಬಂದರೆ ನಾವು ಅಡ್ಡ ನಿಲ್ಲಲೇಬೇಕು.

ಇನ್ನು ಕೆಲವು ದಿನನಿತ್ಯದ ಸಂಗತಿಗಳು. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಬೇಕು. ತಿಂಡಿ, ಕಾಫಿ ಅರ್ಧದಿಂದ ಒಂದು ಗಂಟೆಯ ನಂತರ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಗಳ ಅಂತರವಿರಲಿ. ಭಾನುವಾರ ಮುಂಜಾನೆಯ ಪೂಜೆಗೆ ಬರುವವರು ಪರಮ ಪ್ರಸಾದದ ಉಪವಾಸ ಕೆಡುತ್ತದೆಂದು ಮಾತ್ರೆ ಬಿಡಬೇಕಾಗಿಲ್ಲ. ಪರಮ ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧಿಯಾಗಲಿ ಮುರಿಯುವುದಿಲ್ಲ. ಧರ್ಮಸಭೆಯ ಕಾನೂನೇ ಹಾಗೆ ಹೇಳುತ್ತದೆ. ರೋಗಿಗಳಿಗೆ, ವೃದ್ಧರಿಗೆ, ಅವರ ಆರೈಕೆ ಮಾಡುವವರಿಗೆ ಆ ಒಂದು ಗಂಟೆಯ ನಿಯಮದಲ್ಲೂ ವಿನಾಯಿತಿಯಿದೆ. ತಪಸ್ಸುಕಾಲದ ಉಪವಾಸವೂ ರೋಗಿಗಳಿಗೆ ಕಡ್ಡಾಯವಲ್ಲ. ಶರೀರ ತಡೆಯದಿದ್ದಾಗ ಕೋಪವನ್ನು, ಚಾಡಿಮಾತನ್ನು ಉಪವಾಸ ಹಾಕಬಹುದು.

ಗರ್ಭಿಣಿಯರು ಮಾತ್ರೆಯನ್ನು ಎಂದಿಗೂ ತಾವಾಗಿ ನಿಲ್ಲಿಸಬಾರದು. ಆ ದಿನಗಳಲ್ಲಿ ಹಾರ್ಮೋನಿನ ಅಗತ್ಯ ಹೆಚ್ಚುವುದರಿಂದ ಗರ್ಭ ನಿಂತ ಕೂಡಲೇ ವೈದ್ಯರಿಗೆ ತಿಳಿಸಬೇಕು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆ ಮಾಡಿಸುವ ಅವಕಾಶವಿದ್ದರೆ ಬಿಡಬೇಡಿ. ಮೊದಲ ಕೆಲವೇ ವಾರಗಳಲ್ಲಿ ಚಿಕಿತ್ಸೆ ಆರಂಭವಾದರೆ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ಮದುವೆಗೆ ಬಂದ ಹೆಣ್ಣುಮಕ್ಕಳ ಮಾತ್ರೆಯ ಬಾಟಲಿಯನ್ನು ಬೀರುವಿನಲ್ಲಿ ಬಚ್ಚಿಡುವ ಮನೆಗಳಿವೆ. ಪ್ರಿಯರೇ, ಸರಿಯಾದ ಚಿಕಿತ್ಸೆಯಲ್ಲಿರುವ ಹೆಣ್ಣುಮಗಳು ಸಂಸಾರ ಮಾಡಬಲ್ಲಳು, ತಾಯಿಯಾಗಬಲ್ಲಳು. ಸುಳ್ಳಿನ ಮೇಲೆ ಮದುವೆ ಕಟ್ಟುವುದು ಬೇಡ, ಮಾತ್ರೆಯ ಕಾರಣಕ್ಕೆ ಹೆಣ್ಣನ್ನು ತಿರಸ್ಕರಿಸುವುದೂ ಬೇಡ.

ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವ ಕಾಲ. ಮಾತ್ರೆ ಇಂದು ಆರಂಭಿಸಿದರೆ ನಾಳೆಯೇ ಚೈತನ್ಯ ಬರುವುದಿಲ್ಲ. ಶರೀರದಲ್ಲಿ ಅದು ನೆಲೆಗೊಳ್ಳಲು ವಾರಗಳು ಬೇಕು. ಸಾಮಾನ್ಯವಾಗಿ 6ರಿಂದ 8 ವಾರಗಳ ನಂತರ ಮತ್ತೆ ರಕ್ತ ಪರೀಕ್ಷಿಸಿ ಪ್ರಮಾಣವನ್ನು ಹೊಂದಿಸುತ್ತಾರೆ. ವೃದ್ಧರಿಗೂ ಹೃದ್ರೋಗಿಗಳಿಗೂ ಚಿಕ್ಕ ಪ್ರಮಾಣದಿಂದಲೇ ಶುರುಮಾಡುತ್ತಾರೆ. ಬೇಗ ಗುಣವಾಗಲೆಂದು ಎರಡೆರಡು ನುಂಗಿದರೆ ಎದೆ ಡವಗುಟ್ಟುತ್ತದೆ, ಕಾಲ ಕಳೆದಂತೆ ಮೂಳೆ ಸವೆಯುತ್ತದೆ. ರಕ್ತದ ಅಂಕಿಗಳು ಸರಿಯಾದ ಮೇಲೂ ಕೆಲವರಿಗೆ ಸುಸ್ತು ಪೂರ್ತಿ ಬಿಡುವುದಿಲ್ಲ. ಅವರು ನಟಿಸುತ್ತಿಲ್ಲ. ಅವರ ಮಾತನ್ನು ನಂಬಿ, ಬೇರೆ ಕಾರಣವಿದೆಯೇ ಎಂದು ವೈದ್ಯರೊಡನೆ ಹುಡುಕಬೇಕು.

ಈ ಕಾಯುವ ಕಾಲದಲ್ಲಿ ಮನೆಯವರು ಸೇವಕರಾಗಬೇಕು. ಗಂಡನು ಬೆಳಗಿನ ಕಾಫಿ ಮಾಡಲಿ, ಮಗನು ತನ್ನ ಬಟ್ಟೆ ತಾನೇ ಒಗೆಯಲಿ, ಅತ್ತೆಯವರು "ಇವತ್ತು ಮಲಕ್ಕೋ ಮಗಳೇ, ಸಾರು ನಾನು ಕುದಿಸ್ತೀನಿ" ಎನ್ನಲಿ. ಆ ಒಂದು ಮಾತು ಅರ್ಧ ಔಷಧಿ. ಕಿರು ಕ್ರೈಸ್ತ ಸಮುದಾಯದ ಸಭೆಗೆ ಬರಲಾಗದವರ ಮನೆಗೆ ಸಭೆಯೇ ಹೋಗಲಿ. ಪರೀಕ್ಷೆಯ ಹಣಕ್ಕೆ ತೊಂದರೆಯಿರುವವರು ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರಿಗೆ ತಿಳಿಸಲು ಸಂಕೋಚಪಡುವುದು ಬೇಡ. ತೀವ್ರ ಕಾಯಿಲೆಯವರು ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವನ್ನು ಕೇಳಿ ಪಡೆಯಿರಿ. ಅದು ಕೊನೆಯುಸಿರಿನವರಿಗೆ ಮಾತ್ರ ಮೀಸಲಾದುದಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ತಿಳಿಸಿದೆ.

ಕೊನೆಯದಾಗಿ, ಬರ್ನದೆತ್‌ಳ ವಿಚಾರ. ತನ್ನ ಕೈಯಾರೆ ಕೆಸರು ಕೆದಕಿ ಲೂರ್ದಿನ ಚಿಲುಮೆಯನ್ನು ತೋರಿಸಿದವಳು ಅವಳು. ಆ ನೀರಿನ ಬಳಿ ಬಂದು ಎಷ್ಟೋ ಜನ ಗುಣ ಹೊಂದಿದರು. ಅವಳು ಮಾತ್ರ ಉಬ್ಬಸದಿಂದ, ಆಮೇಲೆ ಮೂಳೆಯ ಕ್ಷಯದಿಂದ ನರಳಿ, ನೆವೇರ್ ಕಾನ್ವೆಂಟಿನಲ್ಲಿ 1879ರ ಏಪ್ರಿಲ್ 16ರಂದು 35ನೆಯ ವಯಸ್ಸಿಗೇ ತೀರಿಕೊಂಡಳು. 1933ರಲ್ಲಿ ಧರ್ಮಸಭೆ ಅವಳನ್ನು ಸಂತಳೆಂದು ಘೋಷಿಸಿತು. ಗುಣವಾಗದಿರುವುದು ವಿಶ್ವಾಸದ ಕೊರತೆಯ ಗುರುತಾಗಿದ್ದರೆ ಸಂತ ಬರ್ನದೆತ್ ಎಂಬ ಹೆಸರೇ ಇರುತ್ತಿರಲಿಲ್ಲ. ಬೆಳಿಗ್ಗೆ ಎದ್ದು, ಮಾತ್ರೆ ನುಂಗಿ, ಆದಷ್ಟು ಕೆಲಸ ಮಾಡಿ, ಆಗದ್ದನ್ನು ದೇವರ ಕೈಗೊಪ್ಪಿಸಿ ಮಲಗುವವರು ಅವಳ ದಾರಿಯಲ್ಲೇ ನಡೆಯುತ್ತಿದ್ದಾರೆ.

ಇಂದು ಪೂಜೆಯ ನಂತರ ನಾವೆಲ್ಲರೂ ಮನೆಗೆ ಹೋಗುತ್ತೇವೆ. ಹಬ್ಬದ ಊಟಕ್ಕೆ ಕೂರುವ ಮೊದಲು, ಅಡುಗೆಮನೆಯಲ್ಲಿ ನಿಂತಿರುವವರನ್ನು ಕರೆದು, "ನಿಮಗೆ ಹೇಗಿದೆ?" ಎಂದು ಕೇಳೋಣ. ಅವರು ಉತ್ತರ ಕೊಡುವವರೆಗೂ ತಾಳ್ಮೆಯಿಂದ ಕೇಳಿಸಿಕೊಳ್ಳೋಣ.

ಓ ಲೂರ್ದು ಮಾತೆಯೇ, ನಮ್ಮ ಮನೆಗಳಲ್ಲಿ ಬರಿದಾಗುತ್ತಿರುವುದನ್ನು ಕಾಣುವ ಕಣ್ಣನ್ನು ನಿಮ್ಮ ಪುತ್ರರಿಂದ ನಮಗೆ ದೊರಕಿಸಿಕೊಡಿ. ದಣಿದವರಿಗೆ ವಿಶ್ರಾಂತಿಯನ್ನೂ, ಕಾಯುವವರಿಗೆ ತಾಳ್ಮೆಯನ್ನೂ, ವೈದ್ಯರಿಗೂ ದಾದಿಯರಿಗೂ ವಿವೇಕವನ್ನೂ ಬೇಡಿರಿ. ಪಿತನಿಗೂ ಸುತನಿಗೂ ಪವಿತ್ರಾತ್ಮನಿಗೂ ಮಹಿಮೆ ಸಲ್ಲಲಿ. ಆಮೆನ್.